ತಕ್ಕಡಿ ಅಕ್ಕನ ಸೊನ್ನೆ

ಬೆಳಗಿನ ಐದೂವರೆ. ಬೀದಿದೀಪಗಳು ಇನ್ನೂ ಆರಿಲ್ಲ. ಮುಂದಿನ ಕೋಣೆಯಲ್ಲಿ ಕಿಟಕಿಗೆ ತಾಗಿಸಿ ಇಟ್ಟ ಮೇಜಿನ ಮೇಲೆ, ಹಳೆಯ ದಿಂಬಿನ ಕವರು ಹೊದ್ದುಕೊಂಡು ಒಂದು ಪೆಟ್ಟಿಗೆ ಕೂತಿದೆ. ಮುಖ ತೊಳೆದು ಬಂದ ಹೆಂಗಸು ಟವೆಲ್ಲಿನಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಳ್ಳುತ್ತಾರೆ. ಒದ್ದೆ ಕೈಯಲ್ಲಿ ಪ್ಲಗ್ಗು ಮುಟ್ಟುವವರಲ್ಲ ಅವರು. ಕವರು ತೆಗೆದು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಡುತ್ತಾರೆ. ಸುತ್ತಿಟ್ಟ ತಂತಿ ಬಿಚ್ಚುತ್ತಾರೆ. ಕ್ಯಾಸೆಟ್ಟನ್ನು ಒತ್ತಿ ಕೂರಿಸಿ, ಗೋಡೆ ಗಡಿಯಾರ ನೋಡಿ, ನೋಟ್‌ಬುಕ್ಕಿನಲ್ಲಿ ಹೊತ್ತು ಬರೆದು, ಆಮೇಲೆ ಗುಂಡಿ ಅದುಮುತ್ತಾರೆ.

ಪರದೆಯ ಮೇಲೆ ಸಾಲಾಗಿ ಏಳು ಸೊನ್ನೆಗಳು ಮೂಡುತ್ತವೆ. ಬಣ್ಣವಿಲ್ಲ, ಸಂಗೀತವಿಲ್ಲ.

"ಏಳೂ ಸರಿ ಇವೆ," ಎನ್ನುತ್ತ ಒಂದು ಗೀಟು ಹಾಕುತ್ತಾರೆ. "ಇನ್ನು ಈ ಪರೀಕ್ಷೆ ನಾಳೆ ಬೆಳಗ್ಗೇನೇ."

ದಿನಕ್ಕೆ ಒಂದೇ ಸಲ ಮಾಡಲು ಬರುವ ಕೆಲಸ ಇದು. ಮೂವತ್ತೈದು ವರ್ಷ ಹಳೆಯ ಈ ವಿಡಿಯೋ ಗೇಮ್ ಯಂತ್ರವನ್ನು ಆರಿಸಿದ ಮೇಲೂ ಸ್ವಲ್ಪ ಹೊತ್ತು ಅದರ ನೆನಪು ಪೂರ್ತಿ ಆರುವುದಿಲ್ಲ. ಆಗ ಮತ್ತೆ ಹಚ್ಚಿದರೆ ಹಿಂದಿನ ಆಟದ ಚೂರುಪಾರು ಅಲ್ಲೇ ಇರುತ್ತದೆ. ರಾತ್ರಿಯಿಡೀ ತಣ್ಣಗೆ ಮಲಗಿದ ಯಂತ್ರ ಬೆಳಗ್ಗೆ ಮೊದಲ ಸಲ ಕಣ್ಣು ಬಿಡುವಾಗ ಮಾತ್ರ ಅದರ ನಿಜವಾದ ಗುಣ ಗೊತ್ತಾಗುತ್ತದೆ. "ಅರ್ಧ ಗಂಟೆ ಬಿಟ್ರೂ ಸಾಕು ಅಂತಾರೆ ಕೆಲವರು. ಈ ಪೆಟ್ಟಿಗೆಗೆ ಅದು ಸಾಲದು, ಒಂದು ರಾತ್ರಿ ಬೇಕು. ನಿದ್ದೆ ಕೆಟ್ಟ ಮನುಷ್ಯನ ಹತ್ರ ಸತ್ಯ ಕೇಳಬಾರದು, ನಿದ್ದೆ ಕೆಟ್ಟ ಯಂತ್ರದ ಹತ್ರಾನೂ ಅಷ್ಟೇ."

ಇವರಿಗೆ ಐವತ್ತಾರು ವರ್ಷ. ಮಾರುಕಟ್ಟೆಯಲ್ಲಿ ಎಲ್ಲರ ಬಾಯಲ್ಲೂ 'ತಕ್ಕಡಿ ಅಕ್ಕ'. ಒಂಬತ್ತು ಗಂಟೆಗೆ ಹಿತ್ತಾಳೆಯ ತೂಕದ ಬಟ್ಟುಗಳ ಮರದ ಪೆಟ್ಟಿಗೆ ಹೊತ್ತು ಹೊರಟರೆ, ಸಂಜೆಯವರೆಗೆ ಅಂಗಡಿಯಿಂದ ಅಂಗಡಿಗೆ ತೂಕದ ಯಂತ್ರಗಳನ್ನು ಸರಿಮಾಡುತ್ತ ತಿರುಗುತ್ತಾರೆ. ಅದು ಹೊಟ್ಟೆಪಾಡು. ಬೆಳಗಿನ ಎರಡು ಗಂಟೆ, ಸಂಜೆಯ ಎರಡು ಗಂಟೆ ಅವರು ಮಾಡುವ ಇನ್ನೊಂದು ಕೆಲಸದ ಬಗ್ಗೆ ಮಾರುಕಟ್ಟೆಯಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿರುವ ಜನ ಬೇರೆ ಬೇರೆ ಊರುಗಳಲ್ಲಿದ್ದಾರೆ. ಅವರಿಗೆ ಇವರ ಮುಖ ಗೊತ್ತಿಲ್ಲ.

ಹಳೆಯ ಯಂತ್ರಗಳಿಗೆ ಈಗಲೂ ಹೊಸ ಆಟ ಬರೆಯುವವರು ಸಾಕಷ್ಟು ಮಂದಿ ಇದ್ದಾರೆ. ಅವರು ತಮಗೆ ಓದಲು ಬರುವ ಹಾಗೆ ಬರೆಯುತ್ತಾರೆ. ಅದನ್ನು ಚಿಪ್ಪಿಗೆ ತಿಳಿಯುವ ಅಂಕಿಗಳಾಗಿ ತಿರುಗಿಸುವುದು ಕಂಪೈಲರ್ ಎಂಬ ತಂತ್ರಾಂಶ. ತೊಂದರೆ ಏನೆಂದರೆ ಆ ಕಾಲದ ಚಿಪ್ಪಿಗೆ ಕೂಡುವುದು, ಕಳೆಯುವುದು ಬರುತ್ತದೆಯೇ ಹೊರತು ಗುಣಿಸಲು ಭಾಗಿಸಲು ಬರುವುದಿಲ್ಲ. ಹಾಗಾಗಿ 'ನೂರನ್ನು ಏಳರಿಂದ ಭಾಗಿಸು' ಎಂಬ ಸಾಲು ಬಂದಾಗ ಕಂಪೈಲರ್ ಪಕ್ಕದಲ್ಲಿರುವ ಒಂದು ಪುಟ್ಟ ಲೈಬ್ರರಿಯ ಬಾಗಿಲು ತಟ್ಟುತ್ತದೆ. ಒಳಗೆ ಭಾಗಾಕಾರ ಮಾಡಿಕೊಡುವ ತುಣುಕೊಂದು ಕಾದು ಕೂತಿರುತ್ತದೆ. ಆಟ ಶುರುವಾಗುವ ಮೊದಲು ಯಂತ್ರದ ನೆನಪಿನ ಗೂಡುಗಳನ್ನೆಲ್ಲ ಗುಡಿಸಿ ಸೊನ್ನೆ ಮಾಡುವ ತುಣುಕೂ ಅಲ್ಲೇ ಇದೆ. ಇಂಥ ಅರವತ್ತೊಂದು ತುಣುಕುಗಳ ಆ ಲೈಬ್ರರಿಯನ್ನು ಹದಿನಾಲ್ಕು ವರ್ಷದಿಂದ ಬರೆದು, ತಿದ್ದಿ, ಕಾಯುತ್ತ ಬಂದವರು ತಕ್ಕಡಿ ಅಕ್ಕ.

"ಕಂಪೈಲರ್ ಅಂದ್ರೆ ಮನೆ ಯಜಮಾನ ಇದ್ದ ಹಾಗೆ," ಎಂದು ಅವರು ವಿವರಿಸುತ್ತಾರೆ. "ಬಂದೋರಿಗೆಲ್ಲ 'ಆಗ್ಲಿ ಆಗ್ಲಿ, ಮಾಡಿಕೊಡೋಣ' ಅಂತ ಒಪ್ಕೊಂಡುಬಿಡುತ್ತೆ. ಆಮೇಲೆ ಒಳಗೆ ಬಂದು ನಮ್ಮ ಕೈಲಿ ಮಾಡಿಸುತ್ತೆ. ಹೊರಗೆ ಹೆಸರು ಅದರದ್ದು."

ಇಡೀ ಲೈಬ್ರರಿಯ ಗಾತ್ರ ಸಾವಿರದ ಒಂಬೈನೂರ ನಾಲ್ಕು ಬೈಟು. ಈ ಲೇಖನದ ಒಂದು ದೊಡ್ಡ ಪ್ಯಾರಾ ಹಿಡಿಯುವುದೂ ಕಷ್ಟ. ಆದರೆ ಅಕ್ಕನಿಗೆ ಗೊತ್ತಿರುವಂತೆ ಇನ್ನೂರ ಹನ್ನೆರಡು ಆಟಗಳು ಇದರ ಮೇಲೆ ನಿಂತಿವೆ. ಪರದೆ ಸೆಕೆಂಡಿಗೆ ಅರವತ್ತು ಸಲ ಹೊಸದಾಗಿ ಮೂಡುತ್ತದೆ. ಅಷ್ಟರೊಳಗೆ ಎಲ್ಲ ಲೆಕ್ಕವೂ ಮುಗಿಯಬೇಕು. ಆದ್ದರಿಂದ ಚಿಪ್ಪಿನ ಒಂದೊಂದು ಮಿಡಿತವನ್ನೂ ಇವರು ಉಪ್ಪಿನ ಹಾಗೆ ಅಳೆದು ಖರ್ಚು ಮಾಡುತ್ತಾರೆ. ಭಾಗಾಕಾರದಲ್ಲಿ ಹನ್ನೊಂದು ಮಿಡಿತ ಉಳಿಸಲು ಒಮ್ಮೆ ಎರಡು ತಿಂಗಳು ತಲೆ ಕೆಡಿಸಿಕೊಂಡಿದ್ದರು. "ನಮ್ಮನೆಯವರು ಕೇಳಿದ್ರು, 'ಅಷ್ಟು ಕಷ್ಟಪಟ್ಟು ಉಳಿಸಿದ್ದನ್ನ ಎಲ್ಲಿಟ್ಟೆ, ತೋರಿಸು' ಅಂತ."

ಮನೆಯವರು ವಿದ್ಯುತ್ ಇಲಾಖೆಯಲ್ಲಿ ಕಂಬ ಹತ್ತುವ ಕೆಲಸದವರು. ಹೆಂಡತಿಯ ಈ ಕೆಲಸದ ತಲೆಬುಡ ತಿಳಿಯದಿದ್ದರೂ ಮನೆಯ ಕರೆಂಟು ಏರಿಳಿಯದಂತೆ ನೋಡಿಕೊಳ್ಳುವುದು ತಮ್ಮ ಪಾಲಿನ ಸೇವೆ ಎಂದುಕೊಂಡಿದ್ದಾರೆ.

ಅಕ್ಕ ಈ ಮನೆಗೆ ಸೊಸೆಯಾಗಿ ಬಂದಾಗ ಅವರಿಗೆ ಇಪ್ಪತ್ತೆರಡು. ಮಾವನದು ತಕ್ಕಡಿ ರಿಪೇರಿಯ ಅಂಗಡಿ. ಮುಳ್ಳಿನ ತಕ್ಕಡಿಗಳು ಹೋಗಿ ಅಂಕಿ ತೋರಿಸುವ ಯಂತ್ರಗಳು ಬರತೊಡಗಿದ ಕಾಲ ಅದು. ಮಾವನಿಗೆ ಕಣ್ಣು ಮಂದ, ಸಣ್ಣ ತಂತಿಗಳು ಕಾಣುತ್ತಿರಲಿಲ್ಲ. ಊಟದ ಬುತ್ತಿ ತಂದ ಸೊಸೆಯನ್ನು ಒಂದು ದಿನ ಅಲ್ಲೇ ಕೂರಿಸಿಕೊಂಡು ಕೈಗೆ ಸಾಲ್ಡರಿಂಗ್ ಕಡ್ಡಿ ಕೊಟ್ಟರು. ಆ ಯಂತ್ರಗಳ ಒಳಗಿನ ಚಿಪ್ಪೂ ವಿಡಿಯೋ ಗೇಮಿನ ಚಿಪ್ಪೂ ಒಂದೇ ಜಾತಿ, ಒಂದೇ ಭಾಷೆ. ಬಜಾರಿನಲ್ಲಿ ಬೇರೆ ಯಾರ ಹತ್ತಿರವೂ ಸಾಲ್ಡರಿಂಗ್ ಕಡ್ಡಿ ಇರಲಿಲ್ಲವಾದ್ದರಿಂದ ಕೆಟ್ಟ ವಿಡಿಯೋ ಗೇಮುಗಳೂ ಇದೇ ಅಂಗಡಿಗೆ ಬರುತ್ತಿದ್ದವು. ಯಾರೂ ವಾಪಸ್ ಒಯ್ಯದೆ ಬಿಟ್ಟ ನಾಲ್ಕು ಯಂತ್ರಗಳಲ್ಲಿ ಮೂರರ ಭಾಗ ಕಿತ್ತು ಒಂದನ್ನು ಬದುಕಿಸಿದ್ದಾರೆ. ಮೇಜಿನ ಮೇಲೆ ದಿಂಬಿನ ಕವರು ಹೊದ್ದಿರುವುದು ಅದೇ.

ಮಾವ ಕಲಿಸಿದ್ದು ಒಂದೇ ಪಾಠ ಎನ್ನುತ್ತಾರೆ ಅಕ್ಕ. "ಯಾವ ತಕ್ಕಡಿ ಬಂದ್ರೂ ಮೊದಲು ಖಾಲಿ ತಟ್ಟೆ ನೋಡು ಅಂತಿದ್ರು. ಸೊನ್ನೆ ಸರಿ ಇದೆಯಾ ನೋಡು. ಸೊನ್ನೆಯೇ ಸುಳ್ಳಾದ್ರೆ ಮೇಲಿನ ಕಿಲೋ ಎಲ್ಲ ಸುಳ್ಳು."

ಕಷ್ಟಗಳಿಗೇನೂ ಕೊರತೆ ಇರಲಿಲ್ಲ. ಹನ್ನೊಂದು ವರ್ಷದ ಹಿಂದೆ ಕಂಪ್ಯೂಟರಿನ ಡಿಸ್ಕ್ ಹೇಳದೆ ಕೇಳದೆ ಕೈಕೊಟ್ಟಾಗ ನಲವತ್ತು ತುಣುಕುಗಳು ಒಂದೇ ಮಧ್ಯಾಹ್ನ ಹೋದವು. ಮೂರು ತಿಂಗಳು ಕೂತು ನೋಟ್‌ಬುಕ್ಕು ನೋಡಿ ಮತ್ತೆ ಟೈಪು ಮಾಡಿದರು. ಬಲಗೈ ಮಣಿಕಟ್ಟು ಅಂದಿನಿಂದ ಸರಿಯಿಲ್ಲ. ಅದಾದ ಮೇಲೆ ಕಾಗದದ ಮೇಲೆ ಬರೆಯದೆ ಏನನ್ನೂ ಮಾಡುವುದಿಲ್ಲ. ಈಗ ಹತ್ತೊಂಬತ್ತನೇ ನೋಟ್‌ಬುಕ್ಕು ನಡೆಯುತ್ತಿದೆ. ಅಂಗಡಿಯ ಕೆಲಸವೂ ಕಡಿಮೆ. ಕೆಟ್ಟ ತೂಕದ ಯಂತ್ರವನ್ನು ಎಸೆದು ಹೊಸದು ತರುವವರೇ ಹೆಚ್ಚು.

"ಮಕ್ಕಳಾಟದ ಸಾಮಾನಿಗೆ ಇಷ್ಟು ಯಾಕೆ ಅಂತಾರೆ. ಅಲ್ಲಿ ಇಂಟರ್‌ನೆಟ್ಟಲ್ಲಿ ಇರೋರು ನನ್ನ ಹುಡುಗ ಅಂತಾನೇ ತಿಳ್ಕೊಂಡಿದ್ದಾರೆ. 'ಬ್ರೋ, ನಿಮ್ಮ ಭಾಗಾಕಾರ ಸೂಪರ್' ಅಂತ ಬರೀತಾರೆ. ಇರ್ಲಿ ಬಿಡಿ. ಭಾಗಾಕಾರಕ್ಕೇನು ಮೀಸೆ ಬರುತ್ತಾ?"

ಒಳಕೋಣೆಯಿಂದ ಒಂದು ದನಿ ಬರುತ್ತದೆ: "ಬಂದ್ರೂ ಬರುತ್ತೆ. ಆ ಪೆಟ್ಟಿಗೆ ಮುಂದೆ ಕೂತ್ರೆ ನಿಂಗೆ ಹೊರಗಿನ ಯೋಚನೆ ಎಲ್ಲಿದೆ? ಹಾಲು ಉಕ್ಕಿ ಒಲೆ ಆರಿಹೋಯ್ತು."

ದನಿ ಅತ್ತೆಯದು. ಎಪ್ಪತ್ತೊಂಬತ್ತು ವರ್ಷ, ಹಲ್ಲು ಅರ್ಧ, ಮಾತು ಪೂರ್ತಿ. ಮೂರು ವರ್ಷದ ಹಿಂದೆ ಕಣ್ಣಿನ ಆಪರೇಷನ್ ಆದಾಗ, ಕಣ್ಣಿಗೂ ಕೈಗೂ ಹೊಂದಿಕೆ ಬರಲಿ ಎಂದು ಸೊಸೆ ಅವರಿಗಾಗಿ ಒಂದು ಆಟ ಬರೆದು ಕ್ಯಾಸೆಟ್ ಮಾಡಿಕೊಟ್ಟಿದ್ದಾರೆ. ಮೇಲಿನಿಂದ ಹಣ್ಣು ಬೀಳುತ್ತವೆ, ಕೆಳಗೆ ಬುಟ್ಟಿ ಸರಿಸಿ ಹಿಡಿಯಬೇಕು. ಒಂದು ಹಣ್ಣು ನೆಲಕ್ಕೆ ಬಿದ್ದರೆ ಒಂದು ಜೀವ ಹೋಯಿತು. ಇರುವುದು ಮೂರು ಜೀವ. ಸೊಸೆ ಮಾರುಕಟ್ಟೆಗೆ ಹೊರಟ ಮೇಲೆ ಹಗಲೆಲ್ಲ ಅತ್ತೆ ಅದನ್ನು ಆಡುತ್ತಾರೆ. "ಬುಟ್ಟಿ ಆಟ ಆಡಿ ಆಡಿ ಈಗ ಸೂಜಿಗೆ ದಾರ ಪೋಣಿಸ್ತೀನಿ," ಎಂಬ ಹೆಮ್ಮೆಯೂ ಇದೆ. ಬೆಳಗಿನ ಹೊತ್ತು ಮಾತ್ರ ಯಂತ್ರ ಮುಟ್ಟುವಂತಿಲ್ಲ. ಅದು ಮನೆಯ ಕಾನೂನು.

ಆ ಮಂಗಳವಾರ ಏಳು ಸೊನ್ನೆ ಸರಿ ಬಂದರೂ ಅಕ್ಕನ ಮುಖದಲ್ಲಿ ನೆಮ್ಮದಿ ಇಲ್ಲ. ಕಾರಣ ಬೇರೊಂದು ಊರಿನ ಒಬ್ಬ ಟೀಚರ್.

ಕಿವಿ ಕೇಳದ ಮಕ್ಕಳ ವಸತಿ ಶಾಲೆ ಅದು. ಗೋದಾಮೊಂದನ್ನು ಖಾಲಿ ಮಾಡುವಾಗ ಸಿಕ್ಕ ಹದಿನಾಲ್ಕು ಹಳೆಯ ವಿಡಿಯೋ ಗೇಮುಗಳನ್ನು ಯಾರೋ ಆ ಶಾಲೆಗೆ ಕೊಟ್ಟಿದ್ದಾರೆ. ಟೀಚರ್ ಎರಡು ವರ್ಷ ರಜೆಯ ದಿನಗಳನ್ನೆಲ್ಲ ಹಾಕಿ, ಅಕ್ಕನ ಲೈಬ್ರರಿ ಬಳಸಿ, ಗಡಿಯಾರ ಓದಲು ಕಲಿಸುವ ಆಟವೊಂದನ್ನು ಬರೆದಿದ್ದಾರೆ. ನಿಲ್ದಾಣದಲ್ಲಿ ಬಸ್ಸು ನಿಂತಿರುತ್ತದೆ. ಮಗು ಮುಳ್ಳುಗಳನ್ನು ಸರಿಯಾದ ಹೊತ್ತಿಗೆ ತಿರುಗಿಸಿದರೆ ಬಸ್ಸು ಹೊರಡುತ್ತದೆ.

ಅದರ ಅಗತ್ಯವನ್ನು ಟೀಚರ್ ಫೋನಿನಲ್ಲಿ ಹೇಳಿದ ರೀತಿ ಅಕ್ಕನ ಮನಸ್ಸಿನಲ್ಲಿ ಕೂತುಬಿಟ್ಟಿದೆ. "ಬೇರೆ ಮಕ್ಕಳು ಬೆಲ್ ಕೇಳಿ ಓಡ್ತಾರೆ ಮೇಡಂ. ನಮ್ಮ ಮಕ್ಕಳು ಗಡಿಯಾರ ನೋಡಿ ಓಡ್ಬೇಕು."

ಮುಂದೆ ಕೆಟ್ಟರೆ ಬದಲಿಗೆ ಹಾಕಲೂ ಸೇರಿ ನಲವತ್ತು ಕ್ಯಾಸೆಟ್ ಆಗಬೇಕು. ಕ್ಯಾಸೆಟ್ಟಿನ ಒಳಗಿನ ಚಿಪ್ಪಿಗೆ ಆಟ ಬರೆದುಕೊಡುವ ಒಬ್ಬ ಹಳೆಯ ಕಸುಬುದಾರರ ಹತ್ತಿರ ಕೊನೆಯ ಡಬ್ಬಿ ಉಳಿದಿದೆ. ಒಮ್ಮೆ ಬರೆದರೆ ಅಳಿಸಲಾಗದ ಚಿಪ್ಪುಗಳು. ಶನಿವಾರ ಅವನ್ನು ಬರೆದು ಮುಗಿಸಿ ಅವರು ಯಂತ್ರ ಮುಚ್ಚಿ ಮಗಳ ಊರಿಗೆ ಹೋಗುತ್ತಾರೆ. ತಪ್ಪಿರುವ ಆಟ ಬರೆಸಿದರೆ ತಪ್ಪೇ ನಲವತ್ತು. ಬರೆಸದಿದ್ದರೆ ಕ್ಯಾಸೆಟ್ಟೇ ಇಲ್ಲ.

ತಪ್ಪಂತೂ ಇದೆ. ಮೂರು ವಾರದಿಂದ ಟೀಚರ್ ಹೇಳುತ್ತಲೇ ಇದ್ದಾರೆ: ಮೊದಲ ಪಿರಿಯಡ್‌ನಲ್ಲಿ ಆಟ ಹಾಕಿದರೆ ಕೆಲವು ಯಂತ್ರಗಳಲ್ಲಿ ಗಡಿಯಾರ ಹುಚ್ಚುಹುಚ್ಚಾಗಿ ತೋರಿಸಿ ನಿಂತುಬಿಡುತ್ತದೆ. ಆರಿಸಿ ಹಾಕಿದರೆ ಸರಿ. ಅಕ್ಕ ಹತ್ತೊಂಬತ್ತು ಬೆಳಗ್ಗೆ ಸೊನ್ನೆಗಳನ್ನು ನೋಡಿ, ಹಿಂದೆಯೇ ಟೀಚರ್ ಕಳಿಸಿದ ಆಟವನ್ನೂ ಹಾಕಿ ನೋಡಿದ್ದಾರೆ. ಒಮ್ಮೆಯೂ ಕೆಟ್ಟಿಲ್ಲ. ಕೊನೆಗೆ "ನಮ್ಮಲ್ಲಿ ಸರಿ ಇದೆ ಟೀಚರ್, ನಿಮ್ಮ ಪ್ಲಗ್ಗು ಸಡಿಲ ಇದೆಯೇನೋ ನೋಡಿ" ಎಂದು ಬರೆದಿದ್ದಾರೆ. ಬರೆದ ಕ್ಷಣದಿಂದ ಮನಸ್ಸಿಗೆ ಮುಳ್ಳು ಚುಚ್ಚಿದ ಹಾಗಿದೆ. "ತೂಕದಲ್ಲಿ ಮೋಸ ಇದೆ ಅಂತ ಗಿರಾಕಿ ಹೇಳಿದ್ರೆ ಅಂಗಡಿಯವನು ಹೇಳೋ ಮಾತದು. 'ನಮ್ಮ ತಕ್ಕಡಿ ಸರಿ ಇದೆ, ನಿಮ್ಮ ಚೀಲ ತೂತು.' ನಾನೂ ಅದನ್ನೇ ಹೇಳಿದೆ."

ಗುರುವಾರ ಬೆಳಗ್ಗೆ ಐದೂಮುಕ್ಕಾಲು. ಎಂದಿನಂತೆ ಏಳು ಸೊನ್ನೆ ಸರಿಯಾಗಿ ಬಂದಿವೆ. ಟೀಚರ್ ಆಟವೂ ಸರಿಯಾಗಿ ಓಡಿದೆ. ಅಷ್ಟರಲ್ಲಿ ಫೋನು. ಹಾಸ್ಟೆಲಿನಲ್ಲೇ ಇರುವ ಟೀಚರ್, ಮಕ್ಕಳು ಏಳುವ ಮೊದಲು ತರಗತಿಗೆ ಹೋಗಿ ಒಂದು ಯಂತ್ರ ಹಚ್ಚಿ ವಿಡಿಯೋ ಕಳಿಸಿದ್ದಾರೆ. ಅಕ್ಕ ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಡುತ್ತಾರೆ. ಅತ್ತೆ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಲೋಟದಲ್ಲಿ ಬಿಸಿನೀರು ಆರಿಸಿಕೊಳ್ಳುತ್ತಿದ್ದಾರೆ.

"ನೋಡಿದ್ರಾ ಮೇಡಂ? ಬಸ್ಸು ಹೊರಡೋ ಹೊತ್ತು ತೊಂಬತ್ತೊಂದು ಗಂಟೆ ಅಂತೆ."

"ನೋಡಿದೆ. ಪ್ಲಗ್ಗು..."

"ಪ್ಲಗ್ಗು ಬದಲಾಯಿಸಿದೀನಿ ಮೇಡಂ. ಗೋಡೆಯ ಸಾಕೆಟ್ಟೂ ಬದಲಾಯಿಸಿದೀನಿ. ಬೆಳಗ್ಗೆ ಮೊದಲ ಸಲ ಹಾಕಿದಾಗ ಮಾತ್ರ ಹೀಗೆ. ಎರಡನೇ ಸಲ ಹಾಕಿದ್ರೆ ಚಿನ್ನದಂಥ ಆಟ. ಮಕ್ಕಳಿಗೆ 'ಮೊದಲನೇ ಸಲ ನಂಬಬೇಡಿ, ಎರಡನೇ ಸಲ ನಂಬಿ' ಅಂತ ಗಡಿಯಾರ ಕಲಿಸೋಕಾಗುತ್ತಾ? ಶನಿವಾರ ಬೇಡ ಅಂತ ಹೇಳಿಬಿಡ್ಲಾ?"

ಬಾಗಿಲ ಬಳಿ ಲೋಟ ನೆಲಕ್ಕೆ ಇಟ್ಟ ಸದ್ದಾಗುತ್ತದೆ.

"ಎಷ್ಟು ಮಕ್ಕಳಿದ್ದಾರಂತೆ ಆ ಶಾಲೇಲಿ?" ಅತ್ತೆ ಕೇಳುತ್ತಾರೆ.

"ಅರವತ್ತು ಜನ ಅತ್ತೆ. ಯಾಕೆ?"

"ನಂಗೂ ಹಾಗೇ ಆಗುತ್ತೆ. ಮೊದಲನೇ ಸಲಕ್ಕೆ."

"ನಿಮಗೆ ಮೊದಲನೇ ಸಲ ಎಲ್ಲಿಂದ ಬಂತು? ನೀವು ಆಡೋದು ಹಗಲು."

"ಹಗಲೂ ಆಡ್ತೀನಿ," ಎನ್ನುತ್ತಾರೆ ಅತ್ತೆ. ಆಮೇಲೆ, ಮದ್ದು ನುಂಗುವವರ ಹಾಗೆ, ಒಂದೇ ಉಸಿರಿಗೆ: "ನಾಲ್ಕೂವರೆಗೆ ಎಚ್ಚರ ಆಗಿಬಿಡುತ್ತೆ ಕಣೇ. ಒಬ್ಬಳೇ ಏನು ಮಾಡ್ಲಿ. ಸದ್ದು ಕಮ್ಮಿ ಮಾಡಿ ಬುಟ್ಟಿ ಆಟ ಹಾಕ್ತೀನಿ. ಮೊದಲನೇ ಸಲ ಹಾಕಿದ್ರೆ ಒಂಬತ್ತು ಜೀವ ಕೊಡುತ್ತೆ. ಆಮೇಲೆ ಎಷ್ಟು ಸಲ ಹಾಕಿದ್ರೂ ಮೂರೇ. ನೀನು ಬಚ್ಚಲಿಗೆ ಹೋದ ಸದ್ದು ಕೇಳಿದ ತಕ್ಷಣ ಆರಿಸಿಬಿಡ್ತೀನಿ."

ಅಕ್ಕ ಅತ್ತೆಯ ಕಡೆ ಪೂರ್ತಿ ತಿರುಗುತ್ತಾರೆ.

"ಎಷ್ಟು ದಿನದಿಂದ?"

"ಎಷ್ಟು ದಿನ ಅಂತ ಹೇಳ್ಲಿ. ಮೂರು ವರ್ಷ."

"ತಂತಿ ನಾನು ಸುತ್ತಿಟ್ಟ ಹಾಗೇ ಇರ್ತಿತ್ತಲ್ಲ."

"ಐವತ್ತು ವರ್ಷ ಮನೆ ನಡೆಸಿದವಳಿಗೆ ಇದ್ದದ್ದನ್ನ ಇದ್ದ ಹಾಗೆ ಇಡೋಕೆ ಬರಲ್ವಾ?"

"ಒಂಬತ್ತು ಜೀವ ಬರುತ್ತೆ ಅಂತ ಒಂದು ಮಾತು ಹೇಳ್ಬಾರದಿತ್ತಾ ಅತ್ತೆ?"

"ಹೇಳಿದ್ರೆ ನೀನು ಸರಿ ಮಾಡಿಬಿಡ್ತಿದ್ದೆಯಲ್ಲ."

ಅಕ್ಕನ ಕಣ್ಣು ನೋಟ್‌ಬುಕ್ಕಿನ ಗೀಟುಗಳ ಮೇಲಿದೆ, ಒಂದರ ಕೆಳಗೊಂದು, ಪುಟದ ತುಂಬ. ತಣ್ಣಗಿನ ಯಂತ್ರದ ಪರೀಕ್ಷೆ ಎಂದು ಅವರು ಬರೆದುಕೊಂಡ ಒಂದೊಂದು ಬೆಳಗ್ಗೆಯೂ ಯಂತ್ರ ಎರಡು ನಿಮಿಷ ಮೊದಲಷ್ಟೇ ಅತ್ತೆಯ ಕೈಯಲ್ಲಿ ಓಡಿ ಬಂದಿತ್ತು. "ಮೂರು ವರ್ಷ ಬಿಸಿ ಯಂತ್ರಕ್ಕೆ ತಣ್ಣನೆ ಸರ್ಟಿಫಿಕೇಟ್ ಕೊಟ್ಟಿದೀನಿ," ಎನ್ನುತ್ತಾರೆ. ಸಿಟ್ಟಿಲ್ಲದ ದನಿ. ಬಳಿಕ ಫೋನಿನ ಕಡೆ ತಿರುಗಿ: "ಟೀಚರ್, ತಪ್ಪು ನಂದು. ನಿಮ್ಮ ಪ್ಲಗ್ಗಿಂದಲ್ಲ. ಶನಿವಾರ ಬೇಡ ಅನ್ಬೇಡಿ. ನಾಳೆ ಬೆಳಗ್ಗೆ ತನಕ ಟೈಮ್ ಕೊಡಿ."

ಮಂಚದಲ್ಲಿ ಎದ್ದು ಕೂತ ಮನೆಯವರಿಗೆ ವಿಷಯ ತಿಳಿಯುತ್ತದೆ. ಯಾರ ಪರ ಮಾತಾಡುತ್ತೀರಿ ಎಂದರೆ, "ಅಮ್ಮ ಒಂದು ತಟ್ಟೆ, ಇವಳು ಒಂದು ತಟ್ಟೆ. ನಾನು ನಡುವಿನ ಮುಳ್ಳು. ನೆಟ್ಟಗೆ ನಿಂತಿರೋದೇ ಕ್ಷೇಮ," ಎಂದು ಕಂಬ ಹತ್ತುವ ಬೂಟು ಹುಡುಕುತ್ತಾರೆ.

ಅಂದು ಅಕ್ಕ ಮಾರುಕಟ್ಟೆಗೆ ಹೋಗುವುದಿಲ್ಲ. ಹಳೆಯ ನೋಟ್‌ಬುಕ್ಕುಗಳನ್ನು ನೆಲಕ್ಕೆ ಹರಡಿ ಕೂರುತ್ತಾರೆ. ತಪ್ಪು ಸಿಕ್ಕುವುದು ಹನ್ನೊಂದು ಗಂಟೆಗೆ, ಹದಿನೈದನೇ ನೋಟ್‌ಬುಕ್ಕಿನಲ್ಲಿ, ಅವರದೇ ಅಕ್ಷರದಲ್ಲಿ: 'ಗುಡಿಸುವ ತುಣುಕು ಬೇರೆ ಮಾಡಿದೆ. 14 ಬೈಟು ಉಳಿತಾಯ.' ಪಕ್ಕದಲ್ಲಿ ಖುಷಿಗೆ ಎಳೆದ ಎರಡು ಗೆರೆ.

ಈ ತಪ್ಪನ್ನು ಈ ಕಸುಬಿನವರಷ್ಟೇ ಮಾಡಬಲ್ಲರು. ಯಂತ್ರದ ನೆನಪು ಎಂಟು ಸಾಲು ಗೂಡುಗಳು. ಅದರಲ್ಲಿ ಎರಡನೇ ಸಾಲು ಯಂತ್ರ ತನ್ನ ಚೀಟಿಗಳನ್ನು ಇಟ್ಟುಕೊಳ್ಳುವ ಜಾಗ. ಒಂದು ಕೆಲಸದ ನಡುವೆ ಇನ್ನೊಂದಕ್ಕೆ ಹೋಗುವಾಗ 'ಮುಗಿದ ಮೇಲೆ ಇಲ್ಲಿಗೆ ವಾಪಸ್ ಬಾ' ಎಂದು ಚೀಟಿ ಬರೆದು ಅಲ್ಲಿಡುತ್ತದೆ. ಮೊದಲು ಲೈಬ್ರರಿ ಯಾವ ಚೀಟಿಯನ್ನೂ ಬರೆಯುವ ಮುನ್ನವೇ ಎಂಟೂ ಸಾಲು ಗುಡಿಸುತ್ತಿತ್ತು. ನಾಲ್ಕು ವರ್ಷದ ಹಿಂದೆ ಅಕ್ಕ ಗುಡಿಸುವುದನ್ನು ಬೇಕಾದಾಗ ಕರೆಯಬಹುದಾದ ಬೇರೆ ತುಣುಕಾಗಿ ಮಾಡಿದರು. ಕರೆದರೆ ಚೀಟಿ ಬೀಳುತ್ತದೆ. ಎರಡನೇ ಸಾಲನ್ನೂ ಗುಡಿಸಿದರೆ ಆ ಚೀಟಿಯೂ ಕಸದ ಜೊತೆ ಹೋಗಿ, ಗುಡಿಸಲು ಹೋದದ್ದಕ್ಕೆ ವಾಪಸ್ ಬರುವ ದಾರಿ ತಿಳಿಯುವುದಿಲ್ಲ. ಹಾಗಾಗಿ ಆ ಒಂದು ಸಾಲನ್ನು ಬಿಟ್ಟರು. ಪರೀಕ್ಷೆಯಲ್ಲೂ ಏಳೇ ಸಾಲು ನೋಡಿದರು. ಆದರೆ ಆ ಸಾಲಿನ ತುದಿಯಲ್ಲಿ ಯಾವಾಗಲೂ ಖಾಲಿ ಉಳಿಯುವ ಗೂಡುಗಳಿವೆ. ಜಾಗದ ಬರ ಇರುವ ಯಂತ್ರ. ಅಲ್ಲೂ ಒಂದೆರಡು ಅಂಕಿ ಇಟ್ಟುಕೊಳ್ಳಿ ಎಂದು ಆಟದವರಿಗೆ ಹೇಳಿಕೊಟ್ಟವರೂ ಇವರೇ. ಟೀಚರ್ ಅಲ್ಲಿ ಇಟ್ಟದ್ದು ಬಸ್ಸಿನ ಎಂಟು ಗಂಟೆಗೆ ಕೂಡಿಸಬೇಕಾದ ಗಂಟೆಗಳ ಲೆಕ್ಕ. ಅತ್ತೆಯ ಆಟದಲ್ಲಿ ಅಕ್ಕ ಅಲ್ಲಿ ಇಟ್ಟದ್ದು ಹೆಚ್ಚುವರಿ ಜೀವಗಳ ಲೆಕ್ಕ.

ತಣ್ಣಗಿನ ಯಂತ್ರದಲ್ಲಿ ಆ ಗೂಡಿನಲ್ಲಿ ಏನು ಕಸ ಇರುತ್ತದೋ ಅಷ್ಟು ಗಂಟೆ, ಅಷ್ಟು ಜೀವ ಹೆಚ್ಚು. ಈ ಮನೆಯ ಯಂತ್ರದ ಕಸ ಪ್ರತಿ ಬೆಳಗ್ಗೆ ಆರು. ಮೂರಕ್ಕೆ ಆರು ಸೇರಿ ಒಂಬತ್ತು. ಅತ್ತೆ ಆಡಿ ಮುಗಿಸಿದಾಗ ಆ ಗೂಡು ಸೊನ್ನೆಯಾಗಿರುತ್ತಿತ್ತು, ಅದರ ಬೆನ್ನಿಗೇ ಬಂದ ಸೊಸೆಗೆ ಎಲ್ಲವೂ ಸರಿಯಾಗಿ ಕಾಣುತ್ತಿತ್ತು. ಟೀಚರ್ ಆಟವೂ ಗಂಟೆ ತೋರಿಸಿದ ಮೇಲೆ ಆ ಗೂಡನ್ನು ಸೊನ್ನೆ ಮಾಡುತ್ತಿದ್ದರಿಂದ ಶಾಲೆಯಲ್ಲಿ ಎರಡನೇ ಸಲ ಸರಿಬರುತ್ತಿತ್ತು. ಮಿಕ್ಕ ಆಟದವರು ಹೆಚ್ಚಾಗಿ ಕಂಪ್ಯೂಟರಿನೊಳಗೆ ನಕಲು ಯಂತ್ರ ಓಡಿಸಿ ಪರೀಕ್ಷಿಸುವವರು. ನಕಲು ಯಂತ್ರ ಪ್ರತಿ ಸಲವೂ ಸೊನ್ನೆಯಿಂದಲೇ ಹುಟ್ಟುತ್ತದೆ.

"ತಾನು ನಿಂತ ಜಾಗ ತಾನೇ ಗುಡಿಸೋಕಾಗಲ್ಲ," ಎನ್ನುತ್ತಾರೆ ಅಕ್ಕ. "ಅದು ಗೊತ್ತಿದ್ದೂ ನಿಂತ್ಕೊಂಡೇ ಗುಡಿಸಿದೆ. ಈಗ ಮತ್ತೆ ಮೊದಲಿನ ಹಾಗೆ. ಒಳಗೆ ಕಾಲಿಡೋಕೆ ಮುಂಚೆ ಹೊಸ್ತಿಲಲ್ಲೇ ನಿಂತು ಎಂಟೂ ಸಾಲು ಗುಡಿಸೋದು. ಹದಿನಾಲ್ಕು ಬೈಟು ಹೋದ್ರೆ ಹೋಗ್ಲಿ."

ತಿದ್ದುವುದು ಇಪ್ಪತ್ತು ನಿಮಿಷದ ಕೆಲಸ. ಆದರೆ ತಿದ್ದಿದ್ದು ಸರಿಯೇ ಎಂದು ತಿಳಿಯಲು ಶನಿವಾರದ ಮೊದಲು ಇರುವುದು ಒಂದೇ ಬೆಳಗು, ಮನೆಯಲ್ಲಿ ಒಂದೇ ಯಂತ್ರ, ಒಂದೇ ಮೊದಲ ಸಲ. ಯಾವ ಕ್ಯಾಸೆಟ್ ಹಾಕಬೇಕು? ಅಕ್ಕ ಆರಿಸಿಕೊಳ್ಳುವುದು ಅತ್ತೆಯ ಬುಟ್ಟಿ ಆಟವನ್ನು, ತಿದ್ದಿದ ಲೈಬ್ರರಿ ಸೇರಿಸಿ. ಕಾರಣ ತಕ್ಕಡಿಯವರದು: "ಯಾವ ಬಟ್ಟು ಇಟ್ಟಾಗ ತಪ್ಪು ತೂಕ ಬಂತೋ, ರಿಪೇರಿ ಆದ್ಮೇಲೆ ಅದೇ ಬಟ್ಟು ಇಟ್ಟು ನೋಡ್ಬೇಕು. ದಿನಾ ತಪ್ಪದೆ ತಪ್ಪೋದು ಅತ್ತೆ ಆಟ." ಟೀಚರ್‌ಗೂ ತಿದ್ದಿದ್ದನ್ನು ಕಳಿಸುತ್ತಾರೆ. ಮತ್ತೆ ಮತ್ತೆ ಬರೆಯಲು ಬರುವ ಒಂದು ಪರೀಕ್ಷೆಯ ಕ್ಯಾಸೆಟ್ ಅವರ ಬಳಿ ಇದೆ. ಶುಕ್ರವಾರ ಬೆಳಗ್ಗೆ ತೊಂಬತ್ತೊಂದು ಗಂಟೆ ತೋರಿಸಿದ ಯಂತ್ರಕ್ಕೇ ಅದನ್ನು ಹಾಕಬೇಕೆಂದು ಮಾತಾಗುತ್ತದೆ.

ಶುಕ್ರವಾರ. ನಾಲ್ಕೂವರೆಗೇ ಮನೆ ಎದ್ದಿದೆ. ಅತ್ತೆ ತಲೆ ಬಾಚಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಾರೆ, ಸಂದರ್ಶನಕ್ಕೆ ಬಂದವರ ಹಾಗೆ. ಅಕ್ಕ ಕವರು ತೆಗೆದು, ತಂತಿ ಬಿಚ್ಚಿ, ಕ್ಯಾಸೆಟ್ ಕೂರಿಸುತ್ತಾರೆ. ಗುಂಡಿಯ ಮುಂದೆ ಬಂದು ನಿಂತವರು ಪಕ್ಕಕ್ಕೆ ಸರಿಯುತ್ತಾರೆ.

"ನೀವೇ ಹಚ್ಚಿ ಅತ್ತೆ."

"ನಾನ್ಯಾಕೆ? ನಿನ್ನ ಪರೀಕ್ಷೆ."

"ಮೂರು ವರ್ಷ ನೀವೇ ಹಚ್ಚಿದೀರ. ಕೈ ಬದಲಾದ್ರೆ ಪರೀಕ್ಷೆ ಕೆಡುತ್ತೆ."

ಅತ್ತೆ ಬೆರಳನ್ನು ಸೀರೆಗೆ ಒರೆಸಿಕೊಂಡು ಗುಂಡಿ ಒತ್ತುತ್ತಾರೆ. ಹಣ್ಣಿನ ಗಿಡ ಮೂಡುತ್ತದೆ, ಬುಟ್ಟಿ ಮೂಡುತ್ತದೆ. ಮೇಲಿನ ಮೂಲೆಯಲ್ಲಿ ಪುಟ್ಟ ಕೆಂಪು ಹೃದಯಗಳು. ಒಂದು. ಎರಡು. ಮೂರು. ನಾಲ್ಕನೆಯದಕ್ಕೆ ಎಲ್ಲರೂ ಕಾಯುತ್ತಾರೆ. ಬರುವುದಿಲ್ಲ.

"ಹೋಯ್ತು," ಎನ್ನುತ್ತಾರೆ ಅತ್ತೆ. "ಆರು ಜೀವ ಒಂದೇ ಏಟಿಗೆ."

"ಬೇಜಾರಾಯ್ತಾ?"

"ಆಗದೇ ಇರುತ್ತಾ? ಆ ಮಕ್ಕಳ ಬಸ್ಸು ಹೊರಡ್ತಾ ನೋಡು ಮೊದಲು."

ಆರು ಗಂಟೆ ಹತ್ತು ನಿಮಿಷಕ್ಕೆ ಟೀಚರ್ ಫೋಟೋ ಕಳಿಸುತ್ತಾರೆ. ಬಸ್ಸಿನ ಮೇಲಿನ ಗಡಿಯಾರದಲ್ಲಿ ಎಂಟು ಗಂಟೆ, ಇರಬೇಕಾದ ಹಾಗೆ. ಅಕ್ಕ ಕುರ್ಚಿ ಎಳೆದು ಕೂತು, ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು, ಬಹಳ ಹೊತ್ತು ಅದನ್ನೇ ನೋಡುತ್ತಾರೆ. ಅತ್ತೆ ಆ ಹೊತ್ತಿಗೆ ಎರಡು ಜೀವ ಕಳೆದುಕೊಂಡಾಗಿದೆ.

ಶನಿವಾರ ನಲವತ್ತು ಚಿಪ್ಪುಗಳು ಬರೆಯಲ್ಪಡುತ್ತವೆ. ಆ ವಾರವಿಡೀ ಅಕ್ಕ ಮಾಡುವ ಕೆಲಸ ಬೇರೆ. ನಾಲ್ಕು ವರ್ಷದಿಂದ ಆ ತಪ್ಪು ತುಣುಕನ್ನು ಬಳಸಿದ ಮೂವತ್ತೆಂಟು ಆಟದವರಿಗೆ ಒಬ್ಬೊಬ್ಬರಿಗೂ ಕೂತು ಬರೆಯುತ್ತಾರೆ: ತಪ್ಪು ನನ್ನದು, ತಿದ್ದಿದ್ದು ಇಲ್ಲಿದೆ, ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ. ಹೆಚ್ಚಿನವರಿಗೆ ತಪ್ಪಿದ್ದ ಸುದ್ದಿಯೇ ಗೊತ್ತಿರಲಿಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲವಲ್ಲ ಎಂದರೆ ಅಕ್ಕ ಮರದ ಪೆಟ್ಟಿಗೆ ತೆರೆದು ತೋರಿಸುತ್ತಾರೆ. ಬಟ್ಟುಗಳ ಸಾಲಿನಲ್ಲಿ ಒಂದರ ಜಾಗ ಖಾಲಿ. "ಇಲ್ಲಿದ್ದ ಬಟ್ಟು ಸವೆದು ಎರಡು ಗ್ರಾಂ ಕಮ್ಮಿ ಆಗಿತ್ತು. ಮಾವ ಮಾರುಕಟ್ಟೆಯಲ್ಲಿ ಅಂಗಡಿ ಅಂಗಡಿಗೂ ಹೋಗಿ ಹೇಳಿ ಬಂದ್ರು. ನಗೋರು ನಕ್ಕರು. ಆಮೇಲೆ ಮೂವತ್ತು ವರ್ಷ ಯಾರೂ ಬೇರೆಯವರ ಹತ್ರ ತಕ್ಕಡಿ ತೋರಿಸಲಿಲ್ಲ."

ಕ್ಯಾಸೆಟ್ಟುಗಳು ಶಾಲೆಗೆ ತಲುಪಿದ ಮರುದಿನ, ಮೊದಲ ಪಿರಿಯಡ್ ಮುಗಿದ ಮೇಲೆ ಟೀಚರ್ ಕಳಿಸಿದ ಸಂದೇಶದಲ್ಲಿ ಮೂರೇ ಪದ ಇವೆ: 'ಮೇಡಂ, ಏನೂ ಆಗಲಿಲ್ಲ.' ಅಕ್ಕ ಅದನ್ನು ಅಳಿಸದೆ ಇಟ್ಟುಕೊಂಡಿದ್ದಾರೆ. ಹದಿನಾಲ್ಕು ವರ್ಷದಲ್ಲಿ 'ಸೂಪರ್ ಬ್ರೋ' ಎಂದವರು ಎಷ್ಟೋ ಮಂದಿ. ಈ ಮೂರು ಪದದ ತೂಕ ಬೇರೆ ಎನ್ನುತ್ತಾರೆ. "ನನ್ನ ಕೆಲಸಕ್ಕೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಏನೂ ಆಗ್ಬಾರದು. ಮಗು ಗುಂಡಿ ಒತ್ತಬೇಕು, ಆಟ ಶುರು ಆಗ್ಬೇಕು, ಅಷ್ಟೇ."

ಮುಂದಿನ ಆಸೆ ಏನೆಂದು ಕೇಳಿದರೆ ದೊಡ್ಡದೇನೂ ಇಲ್ಲ. ಇನ್ನೊಂದು ಹಳೆಯ ಯಂತ್ರ ಸಿಕ್ಕರೆ ದಿನಕ್ಕೆ ಎರಡು ಮೊದಲ ಸಲ ಸಿಗುತ್ತವೆ, ಅಷ್ಟು ಸಾಕು.

ಮನೆಯ ಕಾನೂನು ಮಾತ್ರ ಬದಲಾಗಿದೆ. ಈಗ ಬೆಳಗಿನ ಮೊದಲ ಪರೀಕ್ಷೆ ಅಧಿಕೃತವಾಗಿ ಅತ್ತೆಯದು. ನಾಲ್ಕೂವರೆಗೆ ಎದ್ದು, ಸೊನ್ನೆ ಕ್ಯಾಸೆಟ್ ಹಾಕಿ, ಎಂಟು ಸೊನ್ನೆ ಎಣಿಸಿ ಪುಸ್ತಕದಲ್ಲಿ ಬರೆಯುತ್ತಾರೆ. ಆಮೇಲೆ ಬುಟ್ಟಿ ಆಟ, ಸೊಸೆ ಏಳುವವರೆಗೆ, ಸದ್ದು ಜೋರಾಗಿಯೇ. ಲೈಬ್ರರಿಯ ಜೊತೆ ಹೋಗುವ ಹೆಸರುಗಳ ಪಟ್ಟಿಯಲ್ಲೂ ಒಂದು ಹೊಸ ಸಾಲು ಸೇರಿದೆ: 'ಬೆಳಗಿನ ಪರೀಕ್ಷೆ: ಅತ್ತೆ.' ಯಾರೋ ದೂರದ ಊರಿನವರು 'ಅತ್ತೆ ಬ್ರೋಗೂ ಥ್ಯಾಂಕ್ಸ್' ಎಂದು ಬರೆದಿದ್ದಾರಂತೆ.

ಪುಸ್ತಕ ತೆರೆದು ನೋಡಿದರೆ ಸೊಸೆಯ ಸಣ್ಣ ಗೀಟುಗಳು ನಿಂತ ಕಡೆಯಿಂದ ದೊಡ್ಡ, ನಡುಗುವ ಅಂಕಿಗಳು ಶುರುವಾಗುತ್ತವೆ. ಸೊನ್ನೆ ಎಂಟು, ಜೀವ ಮೂರು. ಮರುದಿನ ಮತ್ತೆ ಅದೇ. ನಾಳೆ ಒಂದು ವೇಳೆ ಒಂಬತ್ತು ಬಂದರೆ ಏನು ಬರೆಯುತ್ತೀರಿ ಎಂದು ಕೇಳಿದರೆ ಅತ್ತೆ ಕನ್ನಡಕ ತೆಗೆದು ಒರೆಸುತ್ತಾರೆ.

"ಒಂಬತ್ತು ಅಂತಾನೇ ಬರೀತೀನಿ. ಸುಳ್ಳು ಹೇಳೋ ಅಭ್ಯಾಸ ನಂಗೆ ಯಾವತ್ತೂ ಇರಲಿಲ್ಲ. ಹೇಳದೇ ಇರೋ ಅಭ್ಯಾಸ ಒಂದಿತ್ತು. ಅದನ್ನ ಬಿಟ್ಟಿದೀನಿ."